ಓಬಮ್ಮ ಟೀಚರ್ ಮತ್ತು ಊಟ ಬಿಟ್ಟ ಕಿಲಾರಿ

ಓಬಮ್ಮ ಟೀಚರ್ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಫೋನಿನಲ್ಲಿ ಮಾತಾಡುವಾಗಲೂ ನಡೆಯುತ್ತಿದ್ದರು, ಟೀ ಕುಡಿಯುವಾಗಲೂ ನಡೆಯುತ್ತಿದ್ದರು. ಅವರ ಜೊತೆ ಒಂದು ವಿಷಯ ಇತ್ಯರ್ಥ ಮಾಡಬೇಕೆಂದರೆ ಅಂಗಳದ ಈ ತುದಿಯಿಂದ ಆ ತುದಿಗೆ ಹಿಂದೆ ಹಿಂದೆ ಓಡಬೇಕು. "ಕೂತ್ಕಳ್ರಿ ಟೀಚರ್, ನನಗೆ ತಲೆ ಸುತ್ತುತ್ತೆ" ಎಂದರೆ, "ಮಕ್ಕಳ ಮಧ್ಯೆ ಕೂತು ಅಭ್ಯಾಸ ಐತೇನ್ರಿ ನಂಗೆ? ನೀವೇ ಎದ್ದು ಬರ್ರಿ" ಅನ್ನುವರು. ನಾನು ಗೊಣಗಿಕೊಂಡೇ ಏಳುತ್ತಿದ್ದೆ.

ಚಳ್ಳಕೆರೆಯಲ್ಲಿ ನಮ್ಮದೊಂದು ಸಣ್ಣ ಆರೈಕೆ ಕೇಂದ್ರವಿದೆ. ವಯಸ್ಸಾದವರು, ಲಕ್ವ ಹೊಡೆದವರು, ಮನೆಮಂದಿಯೆಲ್ಲ ಕೂಲಿಗೆ ಹೋಗುವುದರಿಂದ ನೋಡಿಕೊಳ್ಳುವವರಿಲ್ಲದವರು ಅಲ್ಲಿರುತ್ತಾರೆ. ನಾನು ಅದರ ಮೇಲ್ವಿಚಾರಕ. ಗಂಟೆ ಬಾರಿಸಿದರೆ ಎಲ್ಲರಿಗೂ ಸ್ನಾನ, ಬಾರಿಸಿದರೆ ಊಟ, ಬಾರಿಸಿದರೆ ಭಜನೆ. ಹಾಗಿಲ್ಲದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಕೊಂಡ್ಲಹಳ್ಳಿ ಕಡೆಯ ಶಾಲೆಯಿಂದ ನಿವೃತ್ತರಾದ ಟೀಚರ್, ಮನೆಯಲ್ಲಿ ಹೊತ್ತು ಹೋಗದೆ ನಮ್ಮಲ್ಲಿಗೆ ಬರತೊಡಗಿದರು. ಬಂದ ದಿನವೇ ನನಗೆ 'ಗಂಟೆ ಸಾಹೇಬ್ರು' ಎಂದು ಹೆಸರಿಟ್ಟರು. ಅಡುಗೆಯ ರತ್ನಮ್ಮನೂ ನನ್ನ ಬೆನ್ನ ಹಿಂದೆ ಹಾಗೇ ಕರೆಯತೊಡಗಿದಳು.

ಅವರು ಕಲಿಸಿದ್ದು ನಲಿ-ಕಲಿ ತರಗತಿಯಲ್ಲಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಪ್ರತಿ ಮಗುವೂ ತನ್ನದೇ ವೇಗದಲ್ಲಿ. "ಒಬ್ಬ ಅ ತಿದ್ತಿರ್ತಾನೆ, ಪಕ್ಕದಾಗೆ ಒಬ್ಬಳು ಕತೆ ಓದ್ತಿರ್ತಾಳೆ, ಮೂಲ್ಯಾಗೆ ಇನ್ನೊಬ್ಬ ಹುಣಸೆಬೀಜ ಎಣಿಸ್ತಿರ್ತಾನೆ. ಎಲ್ರಿಗೂ ಒಂದೇ ಪಾಠ ಹೇಳಿದ್ರೆ ಅರ್ಧ ಕ್ಲಾಸು ತೂಕಡಿಸ್ತೈತೆ, ಅರ್ಧ ಕ್ಲಾಸು ಹೊಡೆದಾಡ್ತೈತೆ. ನಿಮ್ಮಲ್ಲಿ ಹೊಡೆದಾಡೋ ಶಕ್ತಿ ಯಾರಿಗೂ ಇಲ್ಲ, ಅಷ್ಟೇ."

"ಶಾಲೆ ಬೇರೆ, ಇದು ಬೇರೆ ಟೀಚರ್" ಎಂದು ನಾನು ರೇಗಿದೆ.

"ಅದೆಂಗೆ ಬೇರೆ, ನೋಡೇ ಬಿಡಾನ" ಎಂದರು.

ಆಗಲೇ ಪಾಲಜ್ಜನನ್ನು ಅವನ ಮನೆಯವರು ನಮ್ಮಲ್ಲಿಗೆ ತಂದು ಬಿಟ್ಟರು. ಮೊಳಕಾಲ್ಮೂರು ಕಡೆಯ ಹಟ್ಟಿಯವನು, ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುತ್ತ ಬಾಳೆಲ್ಲ ಕಳೆದ ಕಿಲಾರಿ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಕಾಲೆಳೆದುಕೊಂಡು ನಡೆಯುತ್ತಿದ್ದ. ಆದರೆ ನಮ್ಮಲ್ಲಿಗೆ ಬಂದವನು ಊಟ ಮುಟ್ಟಲೊಲ್ಲ. ಗಂಟೆ ಹೊಡೆಯುತ್ತಿದ್ದಂತೆ ಬಾಯಿ ಬಿಗಿ ಹಿಡಿಯುತ್ತಿದ್ದ. ಟೀಚರ್ ಪಕ್ಕದಲ್ಲಿ ನಿಂತು, ಎಡಗೈಗೆ ಚಮಚ ಹಿಡಿಸಿ, ಅವನ ಮನೆಮಾತಾದ ತೆಲುಗಿನಲ್ಲಿ ಪುಸಲಾಯಿಸಿ, ಅಂತೂ ಒಂದು ತುತ್ತು ಬಾಯಿಗೆ ಹೋಗುವಂತೆ ಮಾಡಿದರು. ಹೋದದ್ದೇ ತಡ, ಹಳೆಯ ಅಭ್ಯಾಸ ನೋಡಿ, "ಶಭಾಷ್! ಎಲ್ರೂ ಚಪ್ಪಾಳೆ ಹೊಡೀರಿ!" ಎಂದರು. ಪಾಪ, ಎಲ್ಲರೂ ಹೊಡೆದರು. ಪಾಲಜ್ಜ ತಟ್ಟೆಯನ್ನು ಗೋಡೆಗೆ ಬೀಸಿ ಒಗೆದ.

ಅಂದಿನಿಂದ ಆ ಒಂದು ತುತ್ತೂ ಇಲ್ಲ. ಬಲವಂತವಾಗಿ ಕುಡಿಸಿದ ಅಂಬಲಿಯಲ್ಲಿ ಜೀವ ಹಿಡಿದುಕೊಂಡಿದ್ದ. ಹೀಗೇ ಆದರೆ ದೂರದ ದೊಡ್ಡ ಆಸ್ಪತ್ರೆಗೆ ಕಳಿಸಿ ಮೂಗಿಗೆ ನಳಿಕೆ ಹಾಕಿಸಿಬಿಡಿ ಎಂದರು ನಮ್ಮ ಆಡಳಿತದವರು. ಅಲ್ಲಿಗೆ ಹೋದರೆ ಅವನ ಮನೆಯವರು ಕೂಲಿ ಬಿಟ್ಟು ನೋಡಲು ಬರುವುದು ದೂರದ ಮಾತು. ನನಗೆ ಅನ್ನ ಇಳಿಯುತ್ತಿರಲಿಲ್ಲ. ಟೀಚರಂತೂ ಅಂಗಳ ಸವೆಸಿದರು.

"ನಾನೇ ಎಡವಿದೆ ಕಣ್ರಿ. ಮಕ್ಕಳಿಗೆ ಮುಂದಿನ ಕ್ಲಾಸು ಅಂತ ಇರ್ತೈತೆ, ಚಪ್ಪಾಳೆ ಬೇಕು. ಈ ಅಜ್ಜ ಯಾವ ಕ್ಲಾಸಿಗೆ ಹೋಗ್ಬೇಕು? ಎಲ್ಲಾ ಪಾಸಾಗಿ ಬಂದಾರೆ. ಮುಂದೇನು ಅಂತ ನೋಡ್ತಿದ್ದೆ ನಾನು. ಹಿಂದೇನಿತ್ತು ಅಂತ ಕೇಳ್ಬೇಕಾಗಿತ್ತು" ಎಂದವರೇ ಮೊಳಕಾಲ್ಮೂರು ಬಸ್ಸು ಹತ್ತಿದರು.

ಹಟ್ಟಿಯಲ್ಲಿ ಪಾಲಜ್ಜನ ಸೊಸೆ ನಗಾಡಿದಳಂತೆ. "ಎತ್ತು ನೀರು ಕುಡೀದೆ ನಮ್ಮ ಮಾವ ಯಾವತ್ತು ಉಂಡಾನಮ್ಮ? ಮೊದ್ಲು ಅವು, ಆಮೇಲೆ ತಾನು. ನಮ್ಮನ್ನ ಯಾರಾನಾ ಕೇಳಿದ್ರೇನು?" ಅಂದಳಂತೆ. ನಿಜ, ನಾವು ಕೇಳಿರಲಿಲ್ಲ. ಬಿ.ಪಿ. ಎಷ್ಟು, ಸಕ್ಕರೆ ಎಷ್ಟು ಎಂದು ಕೇಳಿದ್ದೆವು.

ಚಳ್ಳಕೆರೆಯಲ್ಲಿ ದೇವರ ಎತ್ತು ಎಲ್ಲಿಂದ ತರುವುದು? ನಮ್ಮ ಬೀದಿಯ ಕೊನೆಯಲ್ಲಿ ದನಗಳಿಗೆಂದು ಕಟ್ಟಿದ ಸಿಮೆಂಟಿನ ತೊಟ್ಟಿಯಿತ್ತು, ನೀರಿಲ್ಲದೆ ಒಣಗಿತ್ತು. ಮರುದಿನ ಟೀಚರ್ ಒಂದು ಕೊಡ ಹಿಡಿದು ಗೇಟಿನ ಬಳಿ ನಿಂತು, "ತಾತಾ, ಪೋದಾಮಾ?" ಎಂದು ತೆಲುಗಿನಲ್ಲಿ ಕರೆದರು, ಹೋಗೋಣವೇ ಎಂದು. ಅಜ್ಜ ಎದ್ದು ಬಂದ. ಟೀಚರ್ ನಲ್ಲಿಯಿಂದ ನೀರು ತಂದು ತೊಟ್ಟಿಗೆ ಸುರಿದರು. ಬೀದಿಯ ದನಗಳು ಒಂದೊಂದಾಗಿ ಬಂದು ಮೂತಿ ಇಟ್ಟವು. ಕೊನೆಯ ದನ ತಲೆ ಎತ್ತುವವರೆಗೂ ಅಜ್ಜ ಅಲುಗಲಿಲ್ಲ. ಹಿಂದಿರುಗಿ ಬಂದು, ಎಡಗೈಯಲ್ಲಿ ಮುದ್ದೆ ಮುರಿದು ಉಂಡ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಾನು ಮಾತ್ರ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಆಸ್ಪತ್ರೆಯ ಮಾತು ನಿಂತಿತು, ನನ್ನ ತಳಮಳ ನಿಲ್ಲಲಿಲ್ಲ. ದಾರಿಯಲ್ಲಿ ಬಿದ್ದರೆ? ಲಾರಿ ಬಂದರೆ? ಗೇಟಿಗೆ ಬೀಗ ಹಾಕಿ ಆಚೆಗೇ ಒಂದು ಬಾನಿ ಇಡೋಣ, ದನ ಕುಡಿಯುವುದನ್ನು ಅಜ್ಜ ಒಳಗಿನಿಂದಲೇ ನೋಡಲಿ ಎಂದೆ. "ಮಗು ಬೀಳ್ತೈತೆ ಅಂತ ಆಟದ ಬಯಲಿಗೆ ಬೀಗ ಹಾಕ್ತೀರೇನ್ರಿ? ಜೊತೆಗೆ ನಾನಿರ್ತೀನಿ, ಸುಮ್ನಿರ್ರಿ" ಎಂದು ಗದರಿದರು. ಇದ್ದರು ಕೂಡ. ಆದರೆ ಅವರಿಲ್ಲದ ದಿನ ಯಾರು ಎಂಬ ಪ್ರಶ್ನೆ ನನ್ನನ್ನು ಕೊರೆಯುತ್ತಲೇ ಇತ್ತು. ಕೇಳಿದರೆ "ನಿಮಗೇನು ಕಾಲಿಲ್ವಾ?" ಅನ್ನುತ್ತಿದ್ದರು.

ಹೋದ ಚಳಿಗಾಲ ಒಂದು ಬೆಳಗ್ಗೆ ಅವರ ತಮ್ಮ ಫೋನ್ ಮಾಡಿದರು. ಟೀಚರಿಗೆ ಎದೆನೋವು ಬಂದಿತ್ತು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತು. ನಾನು ಫೋನ್ ಹಿಡಿದು ಎಷ್ಟು ಹೊತ್ತು ಅಂಗಳದಲ್ಲಿ ಸುತ್ತಿದೆನೋ ಗೊತ್ತಿಲ್ಲ. ನೋಡಿದರೆ ಪಾಲಜ್ಜ ತಲೆಗೆ ಟವಲು ಸುತ್ತಿ ಗೇಟಿನ ಬಳಿ ಕಾಯುತ್ತಿದ್ದ.

"ಅಜ್ಜಂಗೆ ಹೇಳ್ಬ್ಯಾಡ್ರಿ ಸಾರ್, ಅವರಿಗೇನು ತಿಳೀತೈತೆ? ಊರಿಗೆ ಹೋಗ್ಯಾರೆ ಅಂದ್ಬಿಡ್ರಿ" ಎಂದಳು ರತ್ನಮ್ಮ.

ನಾನೇ ಕೊಡ ಎತ್ತಿಕೊಂಡು ಹೊರಟೆ. ದನಗಳು ಕುಡಿದವು. ಅಜ್ಜ ಮಾತ್ರ ಬೀದಿಯ ಆ ಕಡೆ, ಟೀಚರ್ ಬರುವ ದಾರಿಯನ್ನೇ ನೋಡುತ್ತಿದ್ದ. ನನಗೆ ಸುಳ್ಳು ಹೇಳಲಾಗಲಿಲ್ಲ. ಬರುವಷ್ಟು ತೆಲುಗಿನಲ್ಲಿ, ಬಾರದ ಕಡೆ ಕನ್ನಡದಲ್ಲಿ, ಟೀಚರ್ ಇನ್ನಿಲ್ಲ ಎಂದು ಹೇಳಿದೆ. ಅವನು ತಲೆಯ ಟವಲು ಬಿಚ್ಚಿ ಮುಖ ಮುಚ್ಚಿಕೊಂಡ. ಅವನ ಭುಜ ಹಿಡಿದುಕೊಂಡು ನಾನೂ ಅತ್ತೆ.

ಕೇಂದ್ರಕ್ಕೆ ಬಂದಾಗ ರತ್ನಮ್ಮ ತಟ್ಟೆ ತಂದಿಟ್ಟಳು. ಅಜ್ಜ ಎಡಗೈಯಿಂದ ಅದನ್ನು ಮೆಲ್ಲಗೆ ಆಚೆ ಸರಿಸಿದ.

"ಶುರುವಾಯ್ತು ನೋಡ್ರಿ ಸಾರ್. ಮತ್ತೆ ಊಟ ಬಿಟ್ಟಾರೆ ಅಂತ ಮ್ಯಾಲಿನೋರಿಗೆ ತಿಳಿಸ್ಬೇಕಾಗ್ತೈತೆ."

"ಊಟ ಬಿಟ್ಟಿಲ್ಲ ರತ್ನಮ್ಮ, ಅಳ್ತಾ ಇದಾರೆ" ಎಂದೆ. "ತಟ್ಟೆ ತಗೊಂಡು ಹೋಗು. ನಂದೂ ತಗೊಂಡು ಹೋಗು."