ಫೋರ್‌ಹ್ಯಾಂಡ್ ತಿದ್ದಿದ ಆಂಟಿ

ಫೋರ್‌ಹ್ಯಾಂಡ್ ಹೊಡೆತದ ಬಲವೆಲ್ಲ ತೋಳಿನಿಂದಲೇ ಬರುತ್ತದೆಂದು ನೀವೂ ನಂಬಿದ್ದೀರಾ? ಅಮೆರಿಕದ ಮಾರಿಸ್‌ವಿಲ್‌ನ ಟೇಬಲ್ ಟೆನಿಸ್ ಕ್ಲಬ್ಬಿನಲ್ಲಿ ನಾನು ಸತತವಾಗಿ ಆರನೆಯ ಚೆಂಡನ್ನೂ ಮೇಜಿನಾಚೆ ಹಾರಿಸಿದಾಗ, ಮೊಮ್ಮಗಳ ತರಬೇತಿ ಮುಗಿಯಲೆಂದು ಬೆಂಚಿನಲ್ಲಿ ಕಾಯುತ್ತಿದ್ದ ಮಂಗಳೂರಿನ ಆಂಟಿಯೊಬ್ಬರು ನಕ್ಕರು.

"ನೀವು ಆಡುವುದು ಕ್ರಿಕೆಟ್ ಮಾರಾಯ್ರೆ. ಸೊಂಟ ತಿರುಗಿಸಿ, ಕೈ ತಾನಾಗಿಯೇ ಬರ್ತದೆ."

ಹಾಗೆಯೇ ಮಾಡಿದೆ, ಚೆಂಡು ಮೇಜಿನ ಮೇಲೆಯೇ ಬಿತ್ತು. ಕುತೂಹಲದಿಂದ, ಎಲ್ಲಿ ಕಲಿತಿರೆಂದು ಕೇಳಿದೆ.

"ಕಾಲೇಜ್ ಟೀಮಲ್ಲಿದ್ದೆ. ಇಲ್ಲಿ ಮೂರು ತಿಂಗಳಿಂದ ಕೂತಿದ್ದೇನೆ. ಒಂದು ಗೇಮ್ ಆಡ್ತೀರಾ ಅಂತ ಯಾರೂ ಕೇಳಲಿಲ್ಲ."

ಸಮಾನ ಅವಕಾಶದ ಪರವಾಗಿ ಕಾಲೇಜಿನಲ್ಲಿ ವಾದಿಸಿ ಬಹುಮಾನ ಪಡೆದಿದ್ದ ನಾನೂ ಕೇಳಿರಲಿಲ್ಲ. ಬ್ಯಾಟನ್ನು ಅವರ ಕೈಗೆ ಕೊಟ್ಟೆ. ನಿಮ್ಮ ಕ್ಲಬ್ಬಿನಲ್ಲಿಯೂ ಹೀಗೆ ಕಾಯುತ್ತ ಕುಳಿತವರಿದ್ದರೆ, ದಯವಿಟ್ಟು ಅವರನ್ನು ಒಂದು ಆಟಕ್ಕೆ ಕರೆಯಿರಿ.