ಜೇಬಿನ ಕೆಂಪು ಪೆನ್ನು

ಬೀಳಗಿ ಹತ್ತಿರ, ಮುಳುಗಡೆ ಊರುಗಳವರ ಪುನರ್ವಸತಿ ಕೇಂದ್ರದ ಶಾಲೆಯಲ್ಲಿ ನಮ್ಮ ಹೆಡ್‌ಮಾಸ್ತರರು ಪಾಠದ ನಡುವೆ ಸದ್ದಿಲ್ಲದೆ ಬಂದು, ಕೊನೆಯ ಸಾಲಿನಲ್ಲಿ ಮಕ್ಕಳ ಜೊತೆ ಕೂರುತ್ತಿದ್ದರು. ಬರುವಾಗ ಮಾಸ್ತರರಾದ ನಮ್ಮ ಜೇಬಿನ ಕೆಂಪು ಪೆನ್ನನ್ನು ಎಳೆದುಕೊಂಡು, "ಮೊದಲ ಕೇಳ್ರಿ, ಆಮ್ಯಾಲ ತಿದ್ರಿ" ಎನ್ನುತ್ತಿದ್ದರು. ಎಂ.ಎ. ಮುಗಿಸಿ ಆಗಷ್ಟೇ ಬಂದಿದ್ದ ನನಗೆ ಅದು ನಾಟಕದಂತೆ ಕಾಣುತ್ತಿತ್ತು.

ಒಮ್ಮೆ ಐದನೆಯ ತರಗತಿಗೆ, ನಿಮ್ಮ ಊರಿನ ನಕಾಶೆ ಬರೆಯಿರಿ ಎಂದೆ. ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಹೊಳೆ, ಬೀರಪ್ಪನ ಗುಡಿ, ಕುರಿಹಟ್ಟಿ ಎಲ್ಲವನ್ನೂ ಬರೆದಿದ್ದಳು. ಅದು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು. ಈಗಿರುವ ಊರಲ್ಲವೆಂದು ನಾನು ಸೊನ್ನೆ ಕೊಟ್ಟೆ. ಮರುದಿನದಿಂದ ಅವಳು ಬರಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಹೆಡ್‌ಮಾಸ್ತರರು ನನ್ನನ್ನು ಅವಳ ಮನೆಗೆ ಕರೆದೊಯ್ದರು. ಅಂಗಳದಲ್ಲೇ ನನ್ನ ಪೆನ್ನು ಎಳೆದುಕೊಂಡರು.

"ಸೊನ್ನಿ ತಗೊಳ್ಳಾಕ ಸಾಲಿ ಯಾಕ್ರಿ? ಕುರಿ ಕಾಯಾಕ ಹೋಗ್ಲಿ ಬಿಡ್ರಿ" ಎಂದಳು ಅವಳ ಅವ್ವ.

"ಕೇಳ್ರಿ" ಎಂದು ಹೆಡ್‌ಮಾಸ್ತರರು ನನ್ನತ್ತ ನೋಡಿದರು.

"ಇಲ್ಲಿ ಹೊಳಿ ಎಲ್ಲೈತವ್ವಾ?" ಎಂದು ಹುಡುಗಿಯನ್ನು ಕೇಳಿದೆ.

"ನಿಮ್ಮೂರು ಬರೀರಿ ಅಂದ್ರಲ್ರೀ ಸರ. ಇದಕ್ಕ ಯಾರೂ ಊರು ಅನ್ನಂಗಿಲ್ರೀ, ಎಲ್ಲಾರೂ ಸೆಂಟರ್ ಅಂತಾರ."

ಹೆಡ್‌ಮಾಸ್ತರರು ನಕ್ಕು, ಪೆನ್ನನ್ನು ನನ್ನ ಜೇಬಿಗೆ ಸಿಕ್ಕಿಸಿದರು. "ಈಗ ತಿದ್ರಿ."

ಸೊನ್ನೆಯನ್ನು ಅಲ್ಲೇ ಹೊಡೆದುಹಾಕಿದೆನೋ, ಶಾಲೆಗೆ ಬಂದ ಮೇಲೋ, ಅವರು ನಿಜಕ್ಕೂ ನಕ್ಕಿದ್ದರೋ, ಈಗ ಖಾತ್ರಿಯಿಲ್ಲ. ಮರುದಿನ ಹಾಜರಿ ಕರೆದಾಗ ಅವಳು "ಅದೀನ್ರೀ ಸರ" ಎಂದು ಕೂಗಿದ್ದು ಮಾತ್ರ ನೆನಪಿದೆ. ಕೊನೆಯ ಸಾಲಿನಲ್ಲಿ ಹೆಡ್‌ಮಾಸ್ತರರೂ ಕೂತಿದ್ದಿರಬೇಕು. ಅವಳ ಹೆಸರಿನ ಮುಂದೆ ಗುರುತು ಹಾಕಲು ಕೈ ಹೋದಾಗ ನನ್ನ ಜೇಬು ಖಾಲಿಯಿತ್ತು.