ಸಂಕಪ್ಪಣ್ಣನ ಮೂರು ಚೆಂಬು ನೀರು

ಯಾರ ಮನೆಗೆ ಹೋದರೂ ಸಂಕಪ್ಪಣ್ಣ ಮೊದಲು ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ಬೂಟು ಬಿಚ್ಚಿ, ಉಣ್ಣೆಯ ಟೋಪಿ ತೆಗೆದು, ಬಲಗೈಯ ಗ್ಲೌಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಗೋಡೆ ಮುಟ್ಟುವುದು. ಆಗ ನಾವು ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು ತೀರ್ಪು ಕೊಡುತ್ತಿದ್ದರು: "ಮನೆಗೆ ಶೀತ ಹಿಡಿದುಂಟು ಮಾರಾಯ್ರೆ. ಫರ್ನೇಸಿನದ್ದು ಎಂಥ ತಪ್ಪೂ ಇಲ್ಲ, ಅದಕ್ಕೆ ಸುಮ್ಮನೆ ಬೈಬೇಡಿ."

ಅವರದು ಮನೆ ಬೆಚ್ಚಗಿಡುವ ಫರ್ನೇಸುಗಳ ರಿಪೇರಿಯ ಕೆಲಸ. ಟೊರಾಂಟೋ ಪಕ್ಕದ ವಿಟ್ಬಿ, ಏಜಾಕ್ಸ್ ಸುತ್ತಿನ ಕನ್ನಡ, ತುಳು ಮನೆಗಳಲ್ಲಿ ಚಳಿಗಾಲಕ್ಕೆ ಮುಂಚೆ ಒಮ್ಮೆ ಸಂಕಪ್ಪಣ್ಣ ಬಂದು ಹೋಗದಿದ್ದರೆ ಹೆಂಗಸರಿಗೆ ಸಮಾಧಾನವಿರುತ್ತಿರಲಿಲ್ಲ. ಅರವತ್ತರ ಆಸುಪಾಸಿನ ಗಿಡ್ಡ ಮನುಷ್ಯ. ಉಡುಪಿಯ ಹತ್ತಿರದ ಒಂದು ಹಳ್ಳಿಯವರು. ಹೋಟೆಲಿನ ಅಡುಗೆ ಕೆಲಸಕ್ಕೆಂದು ಟೊರಾಂಟೋಗೆ ಬಂದು, ಕರೆಸಿಕೊಂಡ ಮಾಲೀಕ ಕಾಗದಪತ್ರ ಸರಿಯಾಗಿ ಮಾಡಿಸದ್ದರಿಂದ ಹನ್ನೊಂದು ವರ್ಷ ಊರಿಗೂ ಹೋಗಲಾರದೆ ಇಲ್ಲಿಯೂ ನೆಲೆಯಿಲ್ಲದೆ ಕಳೆದವರು. ಆ ಹನ್ನೊಂದು ವರ್ಷಗಳ ಬಗ್ಗೆ ಕೇಳಿದರೆ, "ಚಳಿ ಅಭ್ಯಾಸ ಆಯಿತು," ಅಂತಷ್ಟೇ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ಏಜಾಕ್ಸಿನಲ್ಲಿ ಒಂದು ಬೇಸ್‌ಮೆಂಟು, ಹಳೆಯ ಬಿಳಿ ವ್ಯಾನು, ಅದರಲ್ಲಿ ಸದಾ ಒಂದು ಹಿತ್ತಾಳೆ ಚೆಂಬು. ಕುಡಿಯುವ ನೀರಿಗೆ ಅದೇ, ಪೈಪಿನ ಸೋರಿಕೆ ಹಿಡಿಯಲಿಕ್ಕೂ ಅದೇ. ಅವರ ಅಕ್ಕ ಕೊಟ್ಟದ್ದಂತೆ.

ನನ್ನನ್ನು ಕಂಡರೆ ಅವರಿಗೆ ತಮಾಷೆ. "ಮೈಸೂರಿನವರಿಗೆ ಸ್ವೆಟರ್ ಹಾಕ್ಲಿಕ್ಕೆ ಒಂದು ನೆವ ಸಾಕು," ಎನ್ನುತ್ತಿದ್ದರು. ನಾನು ಇಂಜಿನಿಯರ್ ಎಂಬುದು ಅವರಿಗೆ ಅದಕ್ಕಿಂತ ದೊಡ್ಡ ತಮಾಷೆ. ಥರ್ಮೋಸ್ಟ್ಯಾಟಿನ ಬ್ಯಾಟರಿ ಮುಗಿದದ್ದು ತಿಳಿಯದೆ, ಫರ್ನೇಸೇ ಕೆಟ್ಟಿತೆಂದು ಅವರನ್ನು ಹಿಮದಲ್ಲಿ ಓಡಿಸಿದ ದಿನದಿಂದ ನನ್ನ ಮಾನ ಅವರ ಕೈಯಲ್ಲಿತ್ತು. ನನ್ನ ಮಗಳು ಇಂಚರಳಿಗೆ ಮಾತ್ರ ಅವರು ಆ ಕಥೆಯನ್ನು ಪ್ರತಿ ವರ್ಷವೂ ಹೊಸದಾಗಿ ಹೇಳುತ್ತಿದ್ದರು. ಅವಳು ಕೇಳಿ ಕೇಳಿ ನಕ್ಕು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಕೊಡುತ್ತಿದ್ದಳು.

೨೦೧೬ರ ಜನವರಿಯಲ್ಲಿ ನಮ್ಮ ಮನೆಯ ಹಾವು ತಪ್ಪಿಸಿಕೊಂಡಿತು. ಇಂಚರಳಿಗೆ ಆಗ ಒಂಬತ್ತು ವರ್ಷ. ನಾಯಿ ಬೇಡ, ಕೂದಲು ಉದುರುತ್ತದೆ ಎಂದು ಹೆಂಡತಿ ಸುಮಾ ಖಡಾಖಂಡಿತವಾಗಿ ಹೇಳಿದ್ದೇ ತಪ್ಪಾಯಿತು. ಕೂದಲಿಲ್ಲದ ಪ್ರಾಣಿ ಯಾವುದೆಂದು ಮಗಳು ಹುಡುಕಿ, ಕಿತ್ತಳೆ ಬಣ್ಣದ, ವಿಷವಿಲ್ಲದ ಒಂದು ಕಾರ್ನ್ ಸ್ನೇಕನ್ನು ಮನೆಗೆ ತರಿಸಿದ್ದಳು. ಅದಕ್ಕೆ ಬಿಸ್ಕೆಟ್ ಎಂದು ಹೆಸರಿಟ್ಟು, ಶಾಲೆಯಿಂದ ಬಂದೊಡನೆ ಕೈಗೆ ಸುತ್ತಿಕೊಂಡು ದಿನದ ಕಥೆಯನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು. ಒಂದು ಶುಕ್ರವಾರ ನೀರು ತುಂಬಿಸಿ ಗಾಜಿನ ಪೆಟ್ಟಿಗೆಯ ಕ್ಲಿಪ್ಪು ಹಾಕಲು ಮರೆತವನು ನಾನು. ಬೆಳಗ್ಗೆ ನೋಡಿದರೆ ಪೆಟ್ಟಿಗೆ ಖಾಲಿ. ಸುಮಾ ಬ್ಯಾಗು ತುಂಬಿಕೊಂಡು ರಿಚ್ಮಂಡ್ ಹಿಲ್‌ನ ತನ್ನ ಅಕ್ಕನ ಮನೆಗೆ ಹೊರಟಳು. "ಅದು ಸಿಕ್ಕಿದ ಮೇಲೆ ಫೋನ್ ಮಾಡಿ. ಫೋಟೋ ಕಳಿಸಿ. ಆಮೇಲೆ ಬರ್ತೀನಿ," ಎಂದಳು. ಇಂಚರ ಹೋಗಲಿಲ್ಲ. ಬಿಸ್ಕೆಟ್ ವಾಪಸ್ ಬಂದಾಗ ತಾನು ಇರಬೇಕು ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಸಂಕಪ್ಪಣ್ಣನಿಗೆ ಫೋನ್ ಮಾಡಿದ್ದು ಬಿಸಿಗಾಳಿ ಹರಿಯುವ ಡಕ್ಟುಗಳನ್ನು ಬಿಚ್ಚಿಸಲು. ಬಂದವರು ಎಂದಿನಂತೆ ಗೋಡೆ ಮುಟ್ಟಲಿಲ್ಲ. ನೇರ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದರು.

"ಹಾವು ಚಿಕ್ಕದು ಸಂಕಪ್ಪಣ್ಣ, ಕಚ್ಚೋದಿಲ್ಲ," ಎಂದೆ.

"ಹೆಸರು ಹೇಳ್ಬೇಡಿ ಸಾರ್. ಅವರು ಅಂತ ಹೇಳಿ."

"ಇದು ನಾಗರ ಅಲ್ಲ, ಅಮೆರಿಕದ್ದು."

"ಇರ್ಲಿ. ನಾನು ಇಲ್ಲಿಗೆ ಬಂದ ಮೇಲೆ ನನ್ನ ಜಾತಿ ಬದಲಾಗಿದೆಯಾ? ಅವರದ್ದೂ ಹಾಗೆಯೇ."

ಅವತ್ತು ಸಂಜೆಯ ತನಕ ಹುಡುಕಿದರು. ಬಿಸಿ ಇರುವಲ್ಲಿಗೇ ಹೋಗಿರುತ್ತದೆಂದು ಫರ್ನೇಸಿನ ಹಿಂದೆ, ನೀರಿನ ಟ್ಯಾಂಕಿನ ಕೆಳಗೆ, ಡ್ರೈಯರಿನ ಹೊಟ್ಟೆಯೊಳಗೆ ಎಲ್ಲ ಕೈ ಹಾಕಿ ನೋಡಿದರು. ಸಿಗಲಿಲ್ಲ. ಇಂಚರ ಪ್ರತಿ ಕೋಣೆಗೂ ಅವರ ಹಿಂದೆ ಟಾರ್ಚು ಹಿಡಿದು ನಡೆದಳು. ಹೋಗುವಾಗ ಅವಳ ತಲೆ ಸವರಿ, "ಬರ್ತಾರೆ ಮಗಾ," ಎಂದರು. ನನ್ನ ಕಡೆ ಮಾತ್ರ ನೋಡಲಿಲ್ಲ. ಮುಂದಿನ ಒಂದು ವಾರ ಹುಡುಗಿ ಸರಿಯಾಗಿ ಊಟ ಮಾಡಲಿಲ್ಲ. ಕ್ಲಿಪ್ಪು ಮರೆತದ್ದಕ್ಕೆ ಒಂದು ಮಾತು ಬೈದಿದ್ದರೂ ನನಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ಎಂಟನೆಯ ದಿನ, ಶನಿವಾರ ಬೆಳಗ್ಗೆ, ಕರೆಯದೆಯೇ ಸಂಕಪ್ಪಣ್ಣನ ವ್ಯಾನು ಬಂತು. "ನಾನು ಬೆಚ್ಚಗಿನ ಕಡೆ ಹುಡುಕಿದ್ದೇ ತಪ್ಪು. ದಾರಿ ತಪ್ಪಿದವರು ಬೆಚ್ಚಗಿನ ಕಡೆಗೇ ಹೋಗ್ತಾರೆ ಅಂತ ಎಂಥ ಗ್ಯಾರಂಟಿ?" ಎನ್ನುತ್ತ ಬೇಸ್‌ಮೆಂಟಿಗೆ ಇಳಿದು, ಮೊಣಕಾಲೂರಿ ನೆಲದುದ್ದಕ್ಕೂ ಅಂಗೈ ಸರಿಸುತ್ತ ಹೋದರು. ಕೋಲ್ಡ್ ರೂಮಿನ ಬಾಗಿಲ ಬಳಿ ಕೈ ನಿಂತಿತು. ಮುಂಬಾಗಿಲ ಮೆಟ್ಟಿಲ ಕೆಳಗಿನ ಆ ಸಣ್ಣ ಕೋಣೆಗೆ ಬಿಸಿಗಾಳಿ ಹೋಗುವುದಿಲ್ಲ. ಅಕ್ಕಿಮೂಟೆ, ಈರುಳ್ಳಿ ಇಡಲು ಫ್ರಿಜ್ಜಿಗಿಂತ ಚೆನ್ನ. ಬಾಗಿಲ ಅಡಿಯ ರಬ್ಬರು ಒಂದು ಮೂಲೆಯಲ್ಲಿ ಹರಿದಿತ್ತು. ಸೋನಾಮಸೂರಿ ಮೂಟೆಗೂ ಗೋಡೆಗೂ ನಡುವೆ ಬಿಸ್ಕೆಟ್ ಸುರುಳಿ ಸುತ್ತಿ ಬಿದ್ದಿತ್ತು. ಮುಟ್ಟಿದರೆ ಕಲ್ಲಿನಷ್ಟು ತಣ್ಣಗೆ, ಒಣಗಿದ ಹುಣಸೆಕಾಯಿಯಂತೆ ಬಿರುಸು. ಮೆಟ್ಟಿಲ ಮೇಲಿಂದ ಇಂಚರ, "ಈಸ್ ಹಿ ಡೆಡ್?" ಎಂದು ಕೇಳಿದಳು.

"ಹೋದರು ಮಗಾ," ಎಂದರು ಸಂಕಪ್ಪಣ್ಣ.

ನಾನು ಏನು ಮಾಡಿದೆ ಎಂಬುದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಮಗು ಇನ್ನೂ ಹತ್ತಿರ ಬಂದು ನೋಡುವ ಮೊದಲೇ ಮುಗಿಸಿಬಿಡೋಣವೆಂದು ಒಂದು ಪ್ಲಾಸ್ಟಿಕ್ ಚೀಲ ತಂದೆ. ಸಂಕಪ್ಪಣ್ಣ ನನ್ನ ಮಣಿಕಟ್ಟು ಹಿಡಿದರು. ಅಷ್ಟು ವರ್ಷಗಳಲ್ಲಿ ಅವರ ದನಿ ಏರಿದ್ದು ಅದೊಂದೇ ಸಲ.

"ಕಸಕ್ಕೆ ಹಾಕುದಾ? ನಿಮ್ಮ ಮನೆಯಲ್ಲಿ ಇದ್ದವರನ್ನಾ?"

ಆಮೇಲೆ ಮೆಲ್ಲಗೆ ವಿವರಿಸಿದರು. ಅವರ ಕಡೆ ದಾರಿಯಲ್ಲಿ ನಾಗ ಸತ್ತು ಬಿದ್ದದ್ದು ಕಂಡರೂ ದಾಟಿ ಹೋಗುವಂತಿಲ್ಲ. ಮನುಷ್ಯರಿಗೆ ಮಾಡುವ ಹಾಗೆಯೇ ಬಿಳಿ ಬಟ್ಟೆ ಹೊದಿಸಿ ದಹನ ಮಾಡಬೇಕು. "ಮೊದಲು ಸ್ನಾನ. ಒಂದು ಬಿಳಿ ಟವೆಲು, ತುಪ್ಪ, ಗಂಧ ಉಂಟಾ ನೋಡಿ. ಹಿತ್ತಲಲ್ಲಿ ನಿಮ್ಮ ಇದ್ದಿಲಿನ ಒಲೆ ಉಂಟಲ್ಲ, ಅದು ಸಾಕು." ಮಾಂಸ ಸುಡುವ ಬಾರ್ಬೆಕ್ಯೂ ಮೇಲೆ ಅಂತ್ಯಸಂಸ್ಕಾರ, ಬೇಲಿಯಾಚೆಗೆ ಪಕ್ಕದ ಮನೆಯವರು, ಅವರು ಫೈರ್ ಎಂಜಿನ್ ಕರೆಸಿದರೆ ಗತಿಯೇನು ಎಂದೆಲ್ಲ ನನ್ನ ತಲೆ ಓಡುತ್ತಿತ್ತು. ಬಾಯಿ ಮುಚ್ಚಿಕೊಂಡು ಗಂಧ ಹುಡುಕಿದೆ.

ಬಟ್ಟೆ ಒಗೆಯುವ ಕೋಣೆಯ ತೊಟ್ಟಿಯಲ್ಲಿ ಬಿಸ್ಕೆಟನ್ನು ಮಲಗಿಸಿದರು. ನಲ್ಲಿ ತಿರುಗಿಸಿ, ನೀರಿನ ಧಾರೆಗೆ ಮಣಿಕಟ್ಟಿನ ಒಳಭಾಗ ಹಿಡಿದು, ಬಿಸಿ ತಣ್ಣೀರು ಬೆರೆಸುತ್ತ ತುಂಬ ಹೊತ್ತು ನಿಂತರು. ತಮ್ಮ ಹಿತ್ತಾಳೆ ಚೆಂಬನ್ನು ನನ್ನ ಕೈಗಿತ್ತು, "ನೀವು ಮನೆಯ ಯಜಮಾನರು. ಮೂರು ಸಲ ಹಾಕಿ, ನಿಧಾನಕ್ಕೆ," ಎಂದರು. ಹಾಕಿದೆ. ಮೂರನೆಯದು ಮುಗಿದೊಡನೆ ಟವೆಲಿಗೆ ಕೈಚಾಚಿದೆ.

"ಸ್ವಲ್ಪ ನಿಲ್ಲಿ. ನೀರು ಹಾಕಿದ ಮೇಲೆ ಸ್ವಲ್ಪ ಹೊತ್ತು ಕಾಯ್ಬೇಕು. ಹೋಗುವವರಿಗೆ ಅವಸರ ಮಾಡ್ಬಾರ್ದು."

ಕಾದೆವು. ಮೂವರೂ ತೊಟ್ಟಿಯ ಮೇಲೆ ಬಾಗಿ ನಿಂತಿದ್ದೆವು. ಮೊದಲು ಕಂಡವಳು ಇಂಚರ. "ಅಪ್ಪಾ, ಹಿಸ್ ಟಂಗ್! ಹಿಸ್ ಟಂಗ್!" ಎಂದು ಕಿರುಚಿದಳು. ದಾರದಷ್ಟು ಸಣ್ಣ ನಾಲಿಗೆ ಹೊರಬಂದು ಒಳಹೋಯಿತು. ಸ್ವಲ್ಪ ಹೊತ್ತಿಗೆ ಬಾಲದ ತುದಿ ಅಲುಗಿತು. ಸತ್ತಿರಲಿಲ್ಲ, ಚಳಿಗೆ ಮರಗಟ್ಟಿ ನಿದ್ದೆ ಹೋಗಿತ್ತು, ಅಷ್ಟೇ. ನಾನು ಗಡಿಬಿಡಿಯಲ್ಲಿ ಬಿಸಿನೀರಿನ ನಲ್ಲಿ ಪೂರಾ ತಿರುಗಿಸಹೋದರೆ ಸಂಕಪ್ಪಣ್ಣ ಕೈ ತಡೆದು, "ಒಮ್ಮೆಲೇ ಬೇಡ, ಒಮ್ಮೆಲೇ ಬೇಡ," ಎಂದರು. ಹಾಗೆನ್ನುತ್ತಲೇ ವಾಷಿಂಗ್ ಮಶೀನಿಗೆ ಒರಗಿ ನೆಲದ ಮೇಲೆ ಕೂತು ಅಳತೊಡಗಿದರು. ಸಂತೋಷಕ್ಕೆ ಎಂದು ನಾನು ತಿಳಿದೆ.

"ಅಕ್ಕ ಹೋದಾಗ ನನಗೆ ಹೋಗ್ಲಿಕ್ಕೆ ಆಗಲಿಲ್ಲ ಸಾರ್. ಪೇಪರ್ ಇರಲಿಲ್ಲ. ಅಮ್ಮ ಸತ್ತ ಮೇಲೆ ನನ್ನನ್ನು ಮೀಯಿಸಿ, ಉಣಿಸಿ ದೊಡ್ಡ ಮಾಡಿದವಳು ಅವಳು. ಅವಳಿಗೆ ಒಂದು ಚೆಂಬು ನೀರು ಹಾಕ್ಲಿಕ್ಕೆ ನಾನಿಲ್ಲ. ಯಾರು ಹಾಕಿದರೋ, ಬಿಸಿ ಮಾಡಿ ಹಾಕಿದರೋ, ಹಾಗೆಯೇ ಬಾವಿಯದ್ದು ಹಾಕಿದರೋ. ಕೇಳ್ಲಿಕ್ಕೆ ಧೈರ್ಯ ಬರಲಿಲ್ಲ."

ಇಂಚರ ಒದ್ದೆ ಕೈಯಲ್ಲೇ ಅವರ ಬೆನ್ನು ಸವರುತ್ತ ನಿಂತಳು. ಕಾಗದಪತ್ರ ಸರಿಯಾಗಿ ಎಷ್ಟೋ ವರ್ಷವಾದರೂ ಅವರು ಯಾಕೆ ಒಮ್ಮೆಯೂ ಊರಿಗೆ ಹೋಗಿರಲಿಲ್ಲ ಎಂಬುದು ನನಗೆ ಆವತ್ತು ಅರ್ಥವಾಯಿತು.

ಆಮೇಲಿನ ಪ್ರತಿ ಅಕ್ಟೋಬರಿನಲ್ಲೂ ಅವರು ಗೋಡೆ ಮುಟ್ಟಿದ ಮೇಲೆ ಗಾಜಿನ ಪೆಟ್ಟಿಗೆಗೆ ಕೈಮುಗಿದು, "ಅವರದ್ದು ಊಟ ಆಯಿತಾ?" ಎಂದು ವಿಚಾರಿಸುತ್ತಿದ್ದರು. ಕ್ಲಿಪ್ಪನ್ನು ತಾವೇ ಒಮ್ಮೆ ಒತ್ತಿ ನೋಡಿ ನನ್ನತ್ತ ಹುಬ್ಬು ಹಾರಿಸುತ್ತಿದ್ದರು. ಸುಮಾ ಅವರಿಗೆ ಬಿಸಿ ಕಾಫಿ ಕೊಡುವ ಹೊತ್ತಿಗೆ ಥರ್ಮೋಸ್ಟ್ಯಾಟಿನ ಕಥೆ ಶುರುವಾಗಿರುತ್ತಿತ್ತು. ೨೦೧೮ರಲ್ಲಿ ಬಂದಾಗ ಬೇಸ್‌ಮೆಂಟಿನ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು. "ಮನೆ ಗಟ್ಟಿ ಉಂಟು ಸಾರ್, ಇನ್ನು ಹತ್ತು ವರ್ಷಕ್ಕೆ ಏನೂ ಇಲ್ಲ," ಎಂದರು. ಮನೆಯ ವಿಷಯ ಕೇಳಿ ಸಂತೋಷಪಟ್ಟೆ, ಅವರ ವಿಷಯ ಕೇಳಲಿಲ್ಲ.

೨೦೧೯ರ ಫೆಬ್ರವರಿಯಲ್ಲಿ ಯಾರದೋ ಮನೆಯ ಡ್ರೈವ್‌ವೇಯಲ್ಲಿ, ವ್ಯಾನಿನೊಳಗೇ ಅವರ ಎದೆಬಡಿತ ನಿಂತಿತು. ಊರಿನಲ್ಲಿ ಹತ್ತಿರದವರೆಂದು ಯಾರೂ ಇರಲಿಲ್ಲ. ಫ್ಯೂನರಲ್ ಹೋಮಿನಲ್ಲಿ ಮೈ ತೊಳೆಯಲು ನಾಲ್ಕು ಜನ ಸೇರಿದೆವು, ಮೂವರು ಅವರ ಊರ ಕಡೆಯವರು, ನಾನೊಬ್ಬ. ವ್ಯಾನಿನಲ್ಲಿದ್ದ ಚೆಂಬನ್ನು ಅವರಲ್ಲೊಬ್ಬರು ತಂದಿದ್ದರು. ಅಲ್ಲಿನ ನಲ್ಲಿಯ ನೀರು ಕೊರೆಯುತ್ತಿತ್ತು. ಮಣಿಕಟ್ಟು ಒಡ್ಡಿ ನಾನು ಬಿಸಿ ಬೆರೆಸುತ್ತ ನಿಂತೆ. ಅಲ್ಲಿನ ಸಿಬ್ಬಂದಿಯ ಹೆಂಗಸು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡರು. ಮೂರು ಚೆಂಬು ನೀರು ಹಾಕಿ, ಚೆಂಬನ್ನು ಎದೆಗೆ ಒತ್ತಿಕೊಂಡು ಅವರ ಮುಖವನ್ನೇ ನೋಡಿದೆ. ಉಳಿದವರು ಬಿಳಿ ಬಟ್ಟೆ ಬಿಡಿಸಿ ಹಿಡಿದಿದ್ದರು. ಸ್ವಲ್ಪ ನಿಲ್ಲಿ ಎಂದೆ. ಅವರು ಬಟ್ಟೆ ಹಿಡಿದುಕೊಂಡೇ ನಿಂತರು.

ಮನೆಗೆ ಬಂದಾಗ ಇಂಚರ ಅದೇ ಮೆಟ್ಟಿಲ ಮೇಲೆ, ಕೈಗೆ ಬಿಸ್ಕೆಟನ್ನು ಸುತ್ತಿಕೊಂಡು ಕೂತಿದ್ದಳು. ಹನ್ನೆರಡು ವರ್ಷದ ಹುಡುಗಿ, ಅತ್ತು ಅತ್ತು ಮುಖ ಊದಿತ್ತು. ನಾನು ಕೋಟು ಬಿಚ್ಚಿದ ಮೇಲೆ ಕನ್ನಡದಲ್ಲಿ ಕೇಳಿದಳು.

"ಅಪ್ಪಾ, ನೀರು ಬಿಸಿ ಇತ್ತಾ?"

"ಇತ್ತು ಮಗಳೇ."

"ಮೂರು ಸಲ ಹಾಕಿದ್ರಾ?"

"ಹಾಕಿದೆ."

ಅವಳು ಬಿಸ್ಕೆಟಿನ ತಲೆಯನ್ನು ಬೆರಳಿನಿಂದ ಸವರಿದಳು.

"ಆಮೇಲೆ ಸ್ವಲ್ಪ ಹೊತ್ತು ಕಾದ್ರಾ?"

"ಕಾದೆ," ಎಂದೆ. "ತುಂಬ ಹೊತ್ತು ಕಾದೆ."